ನಂಬಿಕೆಯ ಕಣ್ಣಿಗೆ ಅಮ್ಮನ ರಿಪೋರ್ಟ್ ಕಾಣಬಾರದೇ?

ಪ್ರಶ್ನೆ: ಅಯ್ಯನವರೇ, ನನ್ನ ಅಮ್ಮನಿಗೆ ಕ್ಯಾನ್ಸರ್ ಇದೆ ಎಂದು ಇತ್ತೀಚೆಗೆ ಗೊತ್ತಾಯಿತು. ನಮ್ಮ ಪ್ರಾರ್ಥನಾ ಕೂಟದವರು "ರಿಪೋರ್ಟ್ ನೋಡಬೇಡ, ನಂಬಿಕೆಯ ಕಣ್ಣಿನಿಂದ ನೋಡು, ಗುಣವಾಗಿದೆ ಎಂದು ಬಾಯಿಬಿಟ್ಟು ಹೇಳು" ಎನ್ನುತ್ತಾರೆ. ನಾನು ಎಷ್ಟು ಪ್ರಯತ್ನಿಸಿದರೂ ನನಗೆ ಏನೂ ಕಾಣುವುದಿಲ್ಲ, ಏನೂ ಅನಿಸುವುದೂ ಇಲ್ಲ. ಕಾಣದ್ದನ್ನು ಕಾಣುವುದು ಎಂದರೆ ನಿಜವಾಗಿ ಏನು? ಕಣ್ಣು ಮುಚ್ಚಿಕೊಳ್ಳುವುದಕ್ಕೂ ಅದಕ್ಕೂ ಏನು ವ್ಯತ್ಯಾಸ? ನನ್ನ ನಂಬಿಕೆಯಲ್ಲೇ ಕೊರತೆ ಇದೆಯೇ?

ಉತ್ತರ: ಪ್ರಿಯ ಸಹೋದರಿ, ಮೊದಲು ಆಸ್ಪತ್ರೆಯ ವಿಷಯ ಹೇಳಿಬಿಡುತ್ತೇನೆ. ಅಮ್ಮನ ಚಿಕಿತ್ಸೆಯನ್ನು ಯಾವ ಕಾರಣಕ್ಕೂ ಮುಂದೂಡಬೇಡಿ. ರಿಪೋರ್ಟ್ ನೋಡಿ. ಅರ್ಥವಾಗದಿದ್ದರೆ ಡಾಕ್ಟರ ಹತ್ತಿರ ಕೂತು ಮತ್ತೆ ಮತ್ತೆ ಕೇಳಿ. ಇದು ನಂಬಿಕೆಗೆ ವಿರುದ್ಧ ಎಂದು ಯಾರಾದರೂ ಹೇಳಿದರೆ, ಅವರು ಎಷ್ಟೇ ಪ್ರೀತಿಯಿಂದ ಹೇಳಿದ್ದರೂ, ಸತ್ಯವೇದ ಹಾಗೆ ಹೇಳುವುದಿಲ್ಲ.

ಅಬ್ರಹಾಮನನ್ನೇ ತೆಗೆದುಕೊಳ್ಳಿ. ನಂಬಿಕೆ ಎಂದ ಕೂಡಲೇ ಎಲ್ಲರ ಬಾಯಲ್ಲೂ ಮೊದಲು ಬರುವ ಹೆಸರು ಅವನದೇ ಅಲ್ವಾ. ರೋಮಾಪುರದವರಿಗೆ ಬರೆದ ಪತ್ರಿಕೆಯ 4ನೇ ಅಧ್ಯಾಯದಲ್ಲಿ ಪೌಲ ಅವನ ಬಗ್ಗೆ ಬರೆಯುವಾಗ ಏನನ್ನೂ ಮುಚ್ಚಿಡುವುದಿಲ್ಲ. ವಯಸ್ಸು ನೂರರ ಹತ್ತಿರ. ದೇಹ ಸತ್ತಂತೆಯೇ ಆಗಿದೆ. ಹೆಂಡತಿ ಸಾರಳಿಗೆ ಮಕ್ಕಳಾಗುವ ಕಾಲ ಕಳೆದುಹೋಗಿದೆ. ಇದೆಲ್ಲವನ್ನೂ ಯೋಚಿಸಿ ನೋಡಿದ ಮೇಲೂ ಅವನ ನಂಬಿಕೆ ಕುಂದಲಿಲ್ಲ ಎಂದು ಪೌಲ ಹೇಳುತ್ತಾನೆ. ಅಂದರೆ ಅಬ್ರಹಾಮ ತನ್ನ ರಿಪೋರ್ಟನ್ನು ಪೂರ್ತಿ ಓದಿದ್ದ. ಓದಿಯೂ, ನಿನಗೆ ಮಗನನ್ನು ಕೊಡುತ್ತೇನೆ ಎಂಬ ದೇವರ ಮಾತನ್ನು ಹಿಡಿದುಕೊಂಡ. "ನನಗೆ ಇನ್ನೂ ಮೂವತ್ತೇ ವಯಸ್ಸು" ಎಂದು ಬಾಯಲ್ಲಿ ಹೇಳಿಕೊಂಡು ಓಡಾಡಲಿಲ್ಲ.

ಪೌಲನ ಜೊತೆಗಿದ್ದವರನ್ನೂ ನೋಡಿ. ತ್ರೊಫಿಮನು ಕಾಯಿಲೆಬಿದ್ದದ್ದರಿಂದ ಅವನನ್ನು ಮಿಲೇತದಲ್ಲಿ ಬಿಟ್ಟುಬಂದೆ ಎಂದು ಪೌಲ ಸುಮ್ನೆ ಒಂದು ಸಾಲಿನಲ್ಲಿ ಬರೆಯುತ್ತಾನೆ, ಅವನಿಗೆ ನಂಬಿಕೆ ಸಾಲದಾಯಿತು ಎಂದು ದೂರುವುದಿಲ್ಲ. ತಿಮೊಥೆಗೆ ಆಗಾಗ ಹುಷಾರಿಲ್ಲದಾಗುತ್ತಿತ್ತು, ಹೊಟ್ಟೆಗಾಗಿ ಸ್ವಲ್ಪ ದ್ರಾಕ್ಷಾರಸ ತಗೋ ಎಂದು ಸಲಹೆ ಕೊಡುತ್ತಾನೆ. ಎಪಫ್ರೊದೀತ ಸಾಯುವ ಸ್ಥಿತಿಗೆ ಹೋಗಿ ಉಳಿದುಕೊಂಡಾಗ, ದೇವರು ಅವನನ್ನೂ ಕರುಣಿಸಿದ, ದುಃಖದ ಮೇಲೆ ದುಃಖ ಬಾರದ ಹಾಗೆ ನನ್ನನ್ನೂ ಕರುಣಿಸಿದ ಎನ್ನುತ್ತಾನೆ. ಇನ್ನು ಅವನ ಸ್ವಂತ ಶರೀರದಲ್ಲಿ ನಾಟಿದ್ದ ಮುಳ್ಳು? ಅದನ್ನು ತೆಗೆದುಬಿಡು ಎಂದು ಮೂರು ಸಲ ಬೇಡಿಕೊಂಡ. ತೆಗೆಯಲಿಲ್ಲ. "ನನ್ನ ಕೃಪೆಯೇ ನಿನಗೆ ಸಾಕು" ಎಂಬ ಉತ್ತರ ಬಂತು. ಇವರಲ್ಲಿ ಯಾರ ನಂಬಿಕೆಯನ್ನು ಕೊರತೆ ಎಂದು ಕರೆಯೋಣ?

ಸರಿ, ಹಾಗಾದರೆ ಕಾಣದ್ದನ್ನು ಕಾಣುವುದು ಎಂದರೆ ಏನು?

ಜನ ಸಾಮಾನ್ಯವಾಗಿ ಎತ್ತಿ ಹೇಳುವುದು ಇಬ್ರಿಯರಿಗೆ ಬರೆದ ಪತ್ರಿಕೆಯ 11ನೇ ಅಧ್ಯಾಯದ ಮೊದಲ ವಚನವನ್ನು. ನಿರೀಕ್ಷಿಸುವುದರ ಬಗ್ಗೆ ಭರವಸೆಯಿಂದ ಇರುವುದು, ಕಣ್ಣಿಗೆ ಕಾಣದ್ದನ್ನು ನಿಜವೆಂದು ತಿಳಿಯುವುದು, ಇದೇ ನಂಬಿಕೆ ಎಂದು ಅಲ್ಲಿದೆ. ತುಂಬ ಜನ ಅಲ್ಲೇ ಪುಸ್ತಕ ಮುಚ್ಚಿಬಿಡುತ್ತಾರೆ. ದಯವಿಟ್ಟು ಕೊನೆಯವರೆಗೂ ಓದಿ. 34ನೇ ವಚನದಲ್ಲಿ ಕೆಲವರು ನಂಬಿಕೆಯಿಂದ ಕತ್ತಿಯ ಬಾಯಿಂದ ತಪ್ಪಿಸಿಕೊಂಡರು. ಮೂರೇ ವಚನ ದಾಟಿದರೆ, 37ರಲ್ಲಿ, ಬೇರೆ ಕೆಲವರು ಕತ್ತಿಯಿಂದಲೇ ಸತ್ತರು. ಇಬ್ಬರೂ ಒಂದೇ ಪಟ್ಟಿಯಲ್ಲಿದ್ದಾರೆ. ಇಬ್ಬರಿಗೂ ನಂಬಿಕೆಯಿಂದಲೇ ಒಳ್ಳೆಯ ಸಾಕ್ಷಿ ಸಿಕ್ಕಿತು ಎಂದು ಬರೆದವನು ಸೇರಿಸುತ್ತಾನೆ. ಬದುಕಿ ಉಳಿದವರದು ದೊಡ್ಡ ನಂಬಿಕೆ, ಸತ್ತವರದು ಚಿಕ್ಕದು ಎಂಬ ಲೆಕ್ಕ ಅಲ್ಲಿ ಇಲ್ಲವೇ ಇಲ್ಲ. ನಡುವೆ 13ನೇ ವಚನದಲ್ಲಂತೂ ಅಬ್ರಹಾಮನ ಮನೆಯವರೆಲ್ಲ ವಾಗ್ದಾನದ ಫಲವನ್ನು ಹೊಂದದೆ, ದೂರದಿಂದ ಅದನ್ನು ನೋಡಿ, ಸಂತೋಷಪಟ್ಟು ಸತ್ತರು ಎಂದಿದೆ.

ನನಗೆ ಈ ವಿಷಯ ಜಾಸ್ತಿ ಸ್ಪಷ್ಟವಾಗುವುದು ಇಸ್ರಾಯೇಲಿನ ಪ್ರವಾದಿ ಎಲೀಷನ ಕತೆಯಲ್ಲಿ. ಎರಡನೇ ಅರಸುಗಳು, 6ನೇ ಅಧ್ಯಾಯ. ಅರಾಮ್ ದೇಶದ ರಾಜನಿಗೆ ಎಲೀಷನ ಮೇಲೆ ಸಿಟ್ಟು. ರಾತ್ರೋರಾತ್ರಿ ದೋತಾನ್ ಊರಿಗೆ ಕುದುರೆ, ರಥ, ದೊಡ್ಡ ಸೈನ್ಯ ಕಳಿಸಿ ಸುತ್ತುಗಟ್ಟಿಸುತ್ತಾನೆ. ಬೆಳಗ್ಗೆ ಎದ್ದು ಹೊರಗೆ ಬಂದ ಎಲೀಷನ ಸೇವಕ ಅದನ್ನು ನೋಡಿ ಹೌಹಾರಿ, ಅಯ್ಯೋ ಸ್ವಾಮೀ, ಈಗ ಏನು ಮಾಡೋಣ ಎನ್ನುತ್ತಾನೆ. ಎಲೀಷ ಅವನನ್ನು ಬೈಯುವುದಿಲ್ಲ. ಹೆದರಬೇಡ, ಅವರ ಕಡೆ ಇರುವವರಿಗಿಂತ ನಮ್ಮ ಕಡೆ ಇರುವವರು ಹೆಚ್ಚು ಎಂದು ಹೇಳಿ, ಇವನ ಕಣ್ಣು ತೆರೆ ಎಂದು ದೇವರನ್ನು ಬೇಡುತ್ತಾನೆ. ಆಗ ಸೇವಕನಿಗೆ ಬೆಟ್ಟದ ತುಂಬ ಬೆಂಕಿಯ ಕುದುರೆಗಳೂ ರಥಗಳೂ ಕಾಣುತ್ತವೆ.

ಇಲ್ಲಿ ಸ್ವಲ್ಪ ನಿಲ್ಲಿ. ಸೇವಕನ ಕಣ್ಣು ತೆರೆದಾಗ ಅರಾಮ್ಯರ ಸೈನ್ಯ ಮಾಯವಾಯಿತೇ? ಇಲ್ಲ. ಅದು ಅಲ್ಲೇ ಇತ್ತು. ಅವನ ಮೊದಲ ನೋಟ ಸುಳ್ಳಾಗಿರಲಿಲ್ಲ, ಅರ್ಧ ಮಾತ್ರ ಆಗಿತ್ತು. ಬೆಂಕಿಯ ರಥಗಳು ಅವನು ನಂಬಿದ್ದಕ್ಕೆ ಹುಟ್ಟಿಕೊಂಡದ್ದೂ ಅಲ್ಲ, ಅವನು ನಡುಗುತ್ತಿದ್ದಾಗಲೂ ಅವು ಅಲ್ಲಿದ್ದವು. ನಮ್ಮಲ್ಲಿ ಅನೇಕರು ಇದನ್ನು ತಲೆಕೆಳಗು ಮಾಡುತ್ತಾರೆ. ನಾನು ಗಟ್ಟಿಯಾಗಿ ನಂಬಿದರೆ ರಥ ಬರುತ್ತದೆ, ಒಂದು ಕ್ಷಣ ಹೆದರಿದರೆ ಹೊರಟುಹೋಗುತ್ತದೆ ಎಂದುಕೊಂಡು, ಹಗಲೂ ರಾತ್ರಿ ತಮ್ಮ ಮನಸ್ಸನ್ನೇ ಕಾವಲು ಕಾಯುತ್ತಾ ಸುಸ್ತಾಗುತ್ತಾರೆ. ದೋತಾನಿನಲ್ಲಿ ಕಾವಲು ಕಾದದ್ದು ದೇವರು.

ಕತೆ ಅಲ್ಲಿಗೆ ಮುಗಿಯುವುದಿಲ್ಲ. ಮುಂದಿನ ಭಾಗವನ್ನು ಪ್ರಸಂಗಗಳಲ್ಲಿ ಯಾಕೆ ಇಷ್ಟು ಕಡಿಮೆ ಹೇಳುತ್ತಾರೋ ಅಂತ ನನಗೆ ಬೇಸರ. ಎಲೀಷನ ಪ್ರಾರ್ಥನೆಯಿಂದ ಆ ಸೈನಿಕರ ಕಣ್ಣು ಮಂಜಾಗುತ್ತದೆ. ಅವನು ಅವರನ್ನು ನೇರ ಸಮಾರ್ಯ ಪಟ್ಟಣದೊಳಗೆ ಕರೆದುಕೊಂಡು ಹೋಗಿ, ಅಲ್ಲಿ ಅವರ ಕಣ್ಣು ತೆರೆಸುತ್ತಾನೆ. ಇಸ್ರಾಯೇಲಿನ ರಾಜ, ಇವರನ್ನು ಹೊಡೆದುಹಾಕಲೇ ಎಂದು ಆತುರದಿಂದ ಕೇಳುತ್ತಾನೆ. ಬೇಡ, ಊಟ ಹಾಕಿ ಕಳಿಸು ಎಂಬುದು ಎಲೀಷನ ಮಾತು. ದೊಡ್ಡ ಊಟವೇ ಆಗುತ್ತದೆ. ಅದಾದ ಮೇಲೆ ಆ ಗುಂಪುಗಳು ಸುಲಿಗೆಗೆ ಬರುವುದನ್ನು ನಿಲ್ಲಿಸುತ್ತವೆ. ಬೆಂಕಿಯ ರಥಗಳನ್ನು ಕಂಡವನು ಶತ್ರುವಿನ ಹಸಿವನ್ನೂ ಕಂಡ. ರಾಜನಿಗೆ ಎದುರಿಗಿದ್ದ ಸೈನಿಕರು ಮಾತ್ರ ಕಂಡರು, ಎಲೀಷನಿಗೆ ಊಟಕ್ಕೆ ಕೂರಿಸಬೇಕಾದ ಮನುಷ್ಯರು ಕಂಡರು.

ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಆ ಕಾಣದ್ದು ಎಂದರೆ ಯಾವುದು? ಮಂಜಿನಂತಹ ಏನೋ ಒಂದು ಶಕ್ತಿಯೇ? ಕ್ರೈಸ್ತ ನಂಬಿಕೆ ಹಾಗೆ ಹೇಳುವುದಿಲ್ಲ. ದೇವರನ್ನು ಯಾರೂ ಎಂದೂ ನೋಡಿಲ್ಲ ಎಂದು ಯೋಹಾನನ ಸುವಾರ್ತೆ ಮೊದಲ ಅಧ್ಯಾಯದಲ್ಲೇ ಒಪ್ಪಿಕೊಳ್ಳುತ್ತದೆ. ಆದರೆ ನನ್ನನ್ನು ನೋಡಿದವನು ತಂದೆಯನ್ನು ನೋಡಿದ್ದಾನೆ ಎಂದು ಯೇಸು ಸ್ವಾಮಿ 14ನೇ ಅಧ್ಯಾಯದಲ್ಲಿ ಫಿಲಿಪ್ಪನಿಗೆ ಹೇಳುತ್ತಾರೆ. ಕಾಣದ ದೇವರಿಗೆ ಒಂದು ಮುಖ ಇದೆ. ಹಾಗಾಗಿ ನಂಬಿಕೆಯ ಕಣ್ಣಿಗೆ ಏನು ಕಾಣಬೇಕು ಎಂಬುದನ್ನು ನಾವು ನಮ್ಮ ಆಸೆಗೆ ತಕ್ಕ ಹಾಗೆ ತುಂಬಿಕೊಳ್ಳುವಂತಿಲ್ಲ. ಯೇಸುವಿನ ಬದುಕನ್ನೂ ಸಾವನ್ನೂ ನೋಡಿ ಕಲಿಯಬೇಕು.

ಆ ಸಾವಿನ ಹತ್ತಿರ ಏನಾಯಿತು ನೋಡಿ. ಮಾರ್ಕನ ಸುವಾರ್ತೆ, 15ನೇ ಅಧ್ಯಾಯ. ಶಿಲುಬೆಯ ಕೆಳಗೆ ನಿಂತಿದ್ದ ಯಾಜಕರೂ ಶಾಸ್ತ್ರಿಗಳೂ ಹೇಳುತ್ತಾರೆ, ಈಗ ಶಿಲುಬೆಯಿಂದ ಇಳಿದು ಬರಲಿ, ನೋಡಿ ನಂಬುತ್ತೇವೆ. ಅದೇ ಜಾಗದಲ್ಲಿ ಒಬ್ಬ ರೋಮನ್ ಶತಾಧಿಪತಿ ನಿಂತಿದ್ದಾನೆ. ಧರ್ಮಶಾಸ್ತ್ರ ಓದಿದವನಲ್ಲ, ಕೊಲ್ಲಿಸುವುದೇ ಅವನ ಆ ದಿನದ ಕೆಲಸ. ಯೇಸು ಪ್ರಾಣ ಬಿಟ್ಟ ರೀತಿಯನ್ನು ನೋಡಿ ಅವನು, ನಿಜವಾಗಿ ಈ ಮನುಷ್ಯ ದೇವಕುಮಾರನಾಗಿದ್ದ ಎನ್ನುತ್ತಾನೆ. ಎರಡೂ ಕಡೆಯವರ ಕಣ್ಣಿಗೆ ಬಿದ್ದದ್ದು ಒಂದೇ ದೃಶ್ಯ, ಒಂದೇ ರಕ್ತ, ಒಂದೇ ಸೋಲು. ಇಳಿದು ಬಂದರೆ ಮಾತ್ರ ದೇವರು ಇದ್ದಾನೆ ಎಂದುಕೊಂಡವರಿಗೆ ಏನೂ ಕಾಣಲಿಲ್ಲ. ಇಳಿಯದೆ ಸತ್ತವನಲ್ಲಿ ಶತಾಧಿಪತಿ ದೇವರನ್ನು ಕಂಡ. ಸಹೋದರಿ, ನಿಮ್ಮ ಕೂಟದವರ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ "ಗುಣವಾದರೆ ಮಾತ್ರ ದೇವರು ಅಲ್ಲಿದ್ದಾನೆ" ಎಂಬ ನೋಟ ಶಿಲುಬೆಯ ಕೆಳಗೆ ಯಾರ ನೋಟವಾಗಿತ್ತು ಎಂದು ಅವರು ಒಮ್ಮೆ ಯೋಚಿಸಲಿ. ಮೂರನೆಯ ದಿನ ಸಮಾಧಿ ಖಾಲಿಯಾಯಿತು, ಅದನ್ನು ನಾನು ಮನಸಾರೆ ನಂಬುತ್ತೇನೆ, ನನ್ನ ನಿರೀಕ್ಷೆಯೆಲ್ಲ ಅದರ ಮೇಲೇ ನಿಂತಿದೆ. ಆದರೆ ಪುನರುತ್ಥಾನಕ್ಕೆ ಹೋಗುವ ದಾರಿ ಶುಕ್ರವಾರವನ್ನು ಬಿಟ್ಟು ಹೋಗಲಿಲ್ಲ. ಸತ್ತಿದ್ದ ಗೆಳೆಯ ಲಾಜರನನ್ನು ಇನ್ನೇನು ಎಬ್ಬಿಸಲಿದ್ದೇನೆ ಎಂದು ಗೊತ್ತಿದ್ದ ಯೇಸು ಸ್ವಾಮಿಯೂ ಅವನ ಸಮಾಧಿಗೆ ಹೋಗುವಾಗ ಅತ್ತರಲ್ಲ.

ಇದೆಲ್ಲ ಕಲ್ಪನೆ ಅಲ್ಲ ಎನ್ನುವುದಕ್ಕೆ ಏನು ಆಧಾರ ಎಂದು ನೀವು ಕೇಳಬಹುದು. ಉತ್ತರ ಆಫ್ರಿಕದ ಹಿಪ್ಪೋ ಪಟ್ಟಣದ ಬಿಷಪ್ ಆಗಿದ್ದ ಅಗಸ್ಟೀನ್ (354–430) ಕಾಣದ್ದನ್ನು ನಂಬುವುದರ ಬಗ್ಗೆಯೇ ಒಂದು ಚಿಕ್ಕ ಬರಹ ಬರೆದಿದ್ದಾನೆ. ನಿನ್ನ ಸ್ನೇಹಿತನ ಪ್ರೀತಿಯನ್ನು ನೀನು ಯಾವ ಕಣ್ಣಿನಿಂದ ನೋಡುತ್ತೀಯ ಎಂದು ಅವನು ಕೇಳುತ್ತಾನೆ. ಅವನ ಮುಖ ಕಾಣುತ್ತದೆ, ಮಾತು ಕೇಳುತ್ತದೆ, ಮನಸ್ಸು ಕಾಣುವುದಿಲ್ಲ. ಆದರೂ ನಂಬುತ್ತೀಯ. ಹಾಗೆ ನಂಬದಿದ್ದರೆ ಗಂಡ ಹೆಂಡತಿ, ತಂದೆ ತಾಯಿ, ಸ್ನೇಹ, ಯಾವುದೂ ಉಳಿಯುವುದಿಲ್ಲ. ಕಂಡ ಗುರುತುಗಳಿಂದ ಕಾಣದ ಮನಸ್ಸಿಗೆ ಹೋಗುವುದು ಕಲ್ಪನೆಯಲ್ಲ ಎನ್ನುವುದು ಅವನ ವಾದ. ಯೇಸುವಿನ ವಿಷಯದಲ್ಲೂ ಗುರುತುಗಳಿವೆ, ನೋಡಿದವರ ಸಾಕ್ಷಿ ಇದೆ. ಶಿಷ್ಯ ತೋಮ ಆ ಗುರುತನ್ನೇ ಕೇಳಿದ, ಎದ್ದುಬಂದ ಯೇಸುವಿನ ಗಾಯ ಮುಟ್ಟದ ಹೊರತು ನಂಬುವುದಿಲ್ಲ ಎಂದ. ಎಂಟು ದಿನ ಆದ ಮೇಲೆ ಯೇಸು ಬಂದು, ನಿಮಗೆ ಸಮಾಧಾನ ಎಂದು ಹೇಳಿದ ಕೂಡಲೇ ತೋಮನ ಕಡೆ ತಿರುಗಿ, ನನ್ನ ಕೈಗಳನ್ನು ನೋಡು, ನಿನ್ನ ಬೆರಳನ್ನು ಇಲ್ಲಿ ಇಡು ಎಂದರು. ಆ ಎಂಟು ದಿನ ಉಳಿದ ಶಿಷ್ಯರು ತೋಮನನ್ನು ಹೊರಗೆ ಹಾಕಿರಲಿಲ್ಲ ಎಂಬುದನ್ನೂ ಗಮನಿಸಿ. ಅನುಮಾನ ಹೇಳಿಕೊಂಡವನಿಗೆ ಜಾಗ ಕೊಟ್ಟ ಕೂಟ ಅದು.

ಈಗ ನಿಮ್ಮ ಕಷ್ಟದ ಮಾತಿಗೆ ಬರುತ್ತೇನೆ. ನನಗೆ ಏನೂ ಕಾಣುವುದಿಲ್ಲ, ಅನಿಸುವುದಿಲ್ಲ ಎಂದಿದ್ದೀರಿ. ನಾವು ನೋಡುವವರಾಗಿ ನಡೆಯದೆ ನಂಬುವವರಾಗಿಯೇ ನಡೆಯುತ್ತೇವೆ ಎಂದು ಪೌಲ ಕೊರಿಂಥದವರಿಗೆ ಬರೆದಾಗ, ಕಾಣದಿರುವುದನ್ನು ಅವನು ಕಾಯಿಲೆ ಎಂದು ಎಣಿಸಲಿಲ್ಲ. ದಾರಿಯೇ ಹಾಗಿದೆ ಎಂದ. ಮದರ್ ತೆರೇಸಾ 1997ರಲ್ಲಿ ತೀರಿಕೊಂಡರು. ಹತ್ತು ವರ್ಷ ಕಳೆದು, 2007ರಲ್ಲಿ, ಅವರ ಖಾಸಗಿ ಪತ್ರಗಳು ಪುಸ್ತಕವಾಗಿ ಬಂದಾಗ ಲೋಕವೇ ಬೆರಗಾಯಿತು. ದಶಕಗಳ ಕಾಲ ಅವರಿಗೆ ದೇವರು ಹತ್ತಿರ ಇದ್ದಾನೆ ಎಂದು ಅನಿಸಿಯೇ ಇರಲಿಲ್ಲ. ಒಳಗೆಲ್ಲ ಕತ್ತಲೆ ಎಂದು ತಮ್ಮ ಆತ್ಮಿಕ ಗುರುಗಳಿಗೆ ಬರೆದುಕೊಂಡಿದ್ದರು. ಆ ವರ್ಷಗಳಲ್ಲೇ ಅವರು ಬೀದಿಯಲ್ಲಿ ಸಾಯುತ್ತಿದ್ದವರನ್ನು ಎತ್ತಿಕೊಂಡು ಬಂದು ತೊಳೆದು ಮಲಗಿಸುತ್ತಿದ್ದದ್ದು. ಅನಿಸಿಕೆಯನ್ನು ಅಳತೆಗೋಲು ಮಾಡಿಕೊಂಡರೆ ಅವರನ್ನು ನಂಬಿಕೆ ಇಲ್ಲದವರ ಸಾಲಿಗೆ ಸೇರಿಸಬೇಕಾಗುತ್ತದೆ.

ಇನ್ನೊಂದು ಮಾತು. ಈ ನೋಟ ಒಮ್ಮೆಗೇ ಬರುವುದಿಲ್ಲ. ಬೇತ್ಸಾಯಿದದ ಕುರುಡನನ್ನು ಯೇಸು ಎರಡು ಸಲ ಮುಟ್ಟಬೇಕಾಯಿತು. ಮೊದಲ ಸಲ ಅವನಿಗೆ ಮನುಷ್ಯರು ನಡೆದಾಡುವ ಮರಗಳ ಹಾಗೆ ಕಂಡರು. ಮಾರ್ಕ ಇದನ್ನು ಹೇಳಿದ ಕೂಡಲೇ ಪೇತ್ರನ ಸಂಗತಿಗೆ ಹೋಗುತ್ತಾನೆ. ನೀನೇ ಕ್ರಿಸ್ತನು ಎಂದು ಪೇತ್ರ ಸರಿಯಾಗಿ ಹೇಳುತ್ತಾನೆ, ಆದರೆ ಯೇಸು ತನಗೆ ಬರಲಿರುವ ನೋವು, ಸಾವಿನ ಬಗ್ಗೆ ಬಾಯಿ ತೆರೆದ ತಕ್ಷಣ ಬೇಡ ಎಂದು ಅಡ್ಡ ಬರುತ್ತಾನೆ. ಅವನಿಗೂ ಅರ್ಧ ಕಂಡಿತ್ತು. ಎರಡು ಅಧ್ಯಾಯ ದಾಟಿದರೆ ಯಾಕೋಬ ಯೋಹಾನರಿಗೆ ಯೇಸು, ನಾನು ನಿಮಗೆ ಏನು ಮಾಡಬೇಕು ಎಂದು ಕೇಳುತ್ತಾರೆ. ನಿನ್ನ ಮಹಿಮೆಯಲ್ಲಿ ನಿನ್ನ ಎಡಬಲದ ಕುರ್ಚಿ ಬೇಕು ಎನ್ನುತ್ತಾರೆ ಅವರು. ಅದೇ ಅಧ್ಯಾಯದ ಕೊನೆಗೆ ಯೆರಿಕೋವಿನ ದಾರಿಬದಿಯ ಭಿಕ್ಷುಕ ಬಾರ್ತಿಮಾಯನಿಗೂ ಅದೇ ಪ್ರಶ್ನೆ. ನನಗೆ ಕಣ್ಣು ಕಾಣಬೇಕು ಎನ್ನುತ್ತಾನೆ ಆ ಕುರುಡ. ಶಿಷ್ಯರು ಕೇಳಬೇಕಾಗಿದ್ದದ್ದನ್ನು ಅವನು ಕೇಳಿದ.

ನಾವಿಕನಾಗಿದ್ದು ಆಮೇಲೆ ಪಾದ್ರಿಯಾದ ಇಂಗ್ಲೆಂಡಿನ ಜಾನ್ ನ್ಯೂಟನ್ ಕತೆ ನನ್ನನ್ನು ಯಾವಾಗಲೂ ನಡುಗಿಸುತ್ತದೆ. ಕುರುಡನಾಗಿದ್ದೆ, ಈಗ ಕಾಣುತ್ತಿದ್ದೇನೆ ಎಂದು "ಅಮೇಜಿಂಗ್ ಗ್ರೇಸ್" ಹಾಡಿನಲ್ಲಿ ಬರೆದವರು ಅವರೇ. 1748ರಲ್ಲಿ ಸಮುದ್ರದ ಬಿರುಗಾಳಿಯಲ್ಲಿ ಸಿಕ್ಕಿ ದೇವರ ಕಡೆ ತಿರುಗಿದರು. ತಿರುಗಿದ ಮೇಲೂ ಆಫ್ರಿಕದ ಜನರನ್ನು ಸರಪಳಿ ಹಾಕಿ ಸಾಗಿಸುವ ಹಡಗುಗಳಿಗೆ ಕ್ಯಾಪ್ಟನ್ ಆಗಿ 1754ರವರೆಗೆ ಕೆಲಸ ಮಾಡಿದರು. ಹಾಡು ಅಚ್ಚಾದದ್ದು 1779ರಲ್ಲಿ. ಗುಲಾಮರ ವ್ಯಾಪಾರದ ವಿರುದ್ಧ, ತನ್ನ ಪಾಪವನ್ನೂ ಒಪ್ಪಿಕೊಂಡು, ಬಹಿರಂಗವಾಗಿ ಪುಸ್ತಿಕೆ ಬರೆದದ್ದು 1788ರಲ್ಲಿ. ತಿರುಗಿಕೊಂಡು ನಲವತ್ತು ವರ್ಷ. ದೇವರು ಕಾಣುತ್ತಾನೆ ಎಂದುಕೊಂಡವರಿಗೆ ತಮ್ಮದೇ ಹಡಗಿನ ತಳದಲ್ಲಿ ನರಳುತ್ತಿದ್ದ ಮನುಷ್ಯರು ಕಾಣುವುದಕ್ಕೆ ಅಷ್ಟು ಕಾಲ ಬೇಕಾಯಿತು.

ಹಾಗಾಗಿ ಯಾರಾದರೂ ನನಗೆ ದರ್ಶನವಾಯಿತು, ಬೆಳಕು ಕಂಡಿತು ಎಂದಾಗ ನಾನು ಬೇಗ ತಲೆಯಾಡಿಸುವುದಿಲ್ಲ. ಅವರ ಕಣ್ಣಿಗೆ ಈಗ ಯಾರು ಬೀಳುತ್ತಿದ್ದಾರೆ ಎಂದು ನೋಡುತ್ತೇನೆ. ಮತ್ತಾಯನ 25ನೇ ಅಧ್ಯಾಯದಲ್ಲಿ ಹಸಿದವನಿಗೆ ಊಟ ಕೊಟ್ಟವರು, ರೋಗಿಯನ್ನು ನೋಡಲು ಹೋದವರು ಕೊನೆಯ ದಿನ ಆಶ್ಚರ್ಯಪಡುತ್ತಾರೆ. ಸ್ವಾಮೀ, ನಾವು ನಿನ್ನನ್ನು ಯಾವಾಗ ನೋಡಿದೆವು ಎನ್ನುತ್ತಾರೆ. ಅವರಿಗೆ ಯಾವ ದರ್ಶನವೂ ಆಗಿರಲಿಲ್ಲ. ಕಂಡದ್ದು ಒಬ್ಬ ರೋಗಿ, ಅಷ್ಟೇ. ಆ ರೋಗಿಯಲ್ಲಿ ತಾನಿದ್ದೆ ಎಂದು ರಾಜನೇ ಹೇಳಬೇಕಾಯಿತು. ನೀವು ದಿನಾ ಅಮ್ಮನ ಪಕ್ಕ ಕೂತಿದ್ದೀರಲ್ಲ, ನಿಮಗೆ ಏನೂ ಅನಿಸದಿದ್ದರೂ ನೀವು ಇರುವುದು ಆ ಜಾಗದಲ್ಲೇ.

ಅಲ್ಲಿ ಕಣ್ಣಿಗೆ ಕಾಣದ್ದು ಒಂದು ಇದೆ, ಅದನ್ನು ನೋಡಿ. ಮನೆಯವರೆಲ್ಲ "ಗುಣವಾಗಿದೆ, ಗುಣವಾಗಿದೆ" ಎನ್ನುತ್ತಿದ್ದರೆ ಅಮ್ಮ ತನ್ನ ಭಯವನ್ನು ಯಾರ ಹತ್ತಿರ ಹೇಳಿಕೊಳ್ಳಬೇಕು? ನೋವಿದೆ ಎಂದರೆ ನಂಬಿಕೆ ಇಲ್ಲ ಎಂದುಕೊಳ್ಳುತ್ತಾರೋ ಎಂದು ಅವರು ಒಳಗೇ ನುಂಗುತ್ತಿರಬಹುದು. ಎಷ್ಟೋ ರೋಗಿಗಳು ಹೀಗೆ ದೇವಜನರ ನಡುವೆಯೇ ಒಂಟಿಯಾಗುತ್ತಾರೆ, ಇದು ನನಗೆ ಸಹಿಸಲಾಗದ ಸಂಗತಿ. ಯಾರೂ ಇಲ್ಲದ ಹೊತ್ತಲ್ಲಿ, ಅಮ್ಮಾ ನಿನಗೆ ಹೆದರಿಕೆ ಆಗುತ್ತಾ ಎಂದು ಕೇಳಿ. ಅವರು ಹೇಳುವುದನ್ನು ಅರ್ಧಕ್ಕೆ ತಡೆದು ವಚನ ಹೇಳಬೇಡಿ. ಆಮೇಲೆ ಇಬ್ಬರೂ ಸೇರಿ ಪ್ರಾರ್ಥಿಸಿ. ಗುಣಪಡಿಸು ಎಂದು ಧೈರ್ಯವಾಗಿ ಕೇಳಿ, ಕೇಳುವುದರಲ್ಲಿ ತಪ್ಪೇನೂ ಇಲ್ಲ, ದೇವರು ಗುಣಪಡಿಸಬಲ್ಲ ಎಂದು ನಾನೂ ನಂಬುತ್ತೇನೆ. ಹೆದರಿಕೆಯನ್ನೂ ಅದೇ ಪ್ರಾರ್ಥನೆಯಲ್ಲಿ ಹೇಳಿ.

ನಿಮ್ಮ ನಂಬಿಕೆಯಲ್ಲಿ ಕೊರತೆ ಇದೆಯೇ ಎಂದು ಕೇಳಿದಿರಿ. ಇರಬಹುದು, ನನ್ನಲ್ಲೂ ಇದೆ. "ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯಮಾಡು" ಎಂದು ಅತ್ತ ತಂದೆಯ ಮಗನನ್ನು ಯೇಸು ಗುಣಪಡಿಸದೆ ಕಳಿಸಲಿಲ್ಲ. ಅಮ್ಮನ ಕಾಯಿಲೆಯ ಫಲಿತಾಂಶ ನಿಮ್ಮ ನಂಬಿಕೆಯ ತೂಕದ ಮೇಲೆ ನಿಂತಿಲ್ಲ. ಆ ಹೊರೆಯನ್ನು ಯಾರೋ ನಿಮ್ಮ ಹೆಗಲ ಮೇಲೆ ಇಟ್ಟಿದ್ದಾರೆ, ಕೆಳಗಿಡಿ. ಯಾಕೋಬನ ಪತ್ರಿಕೆಯ 5ನೇ ಅಧ್ಯಾಯದಲ್ಲಿ ಕಾಯಿಲೆಯವನು ಮಾಡಬೇಕಾದ್ದು ಸಭೆಯ ಹಿರಿಯರನ್ನು ಕರೆಸುವುದು. ಎಣ್ಣೆ ಹಚ್ಚಿ ನಂಬಿಕೆಯಿಂದ ಪ್ರಾರ್ಥಿಸಬೇಕಾದವರು ಅವರು. ಪಾರ್ಶ್ವವಾಯು ರೋಗಿಯನ್ನು ನಾಲ್ಕು ಜನ ಹೊತ್ತು ತಂದು, ಮಾಳಿಗೆ ತೆರೆದು ಕೆಳಗಿಳಿಸಿದ ಸಂಗತಿಯಲ್ಲೂ ಯೇಸು ನೋಡಿದ್ದು "ಅವರ" ನಂಬಿಕೆಯನ್ನು. ರೋಗಿ ಮಾತೇ ಆಡಿರಲಿಲ್ಲ.

ನಿಮ್ಮ ಕೂಟದವರಿಗೆ ಈ ಭಾಗವನ್ನೇ ಓದಿ ಹೇಳಿ. ಜಗಳವಾಡಬೇಕಾಗಿಲ್ಲ. ನನಗೆ ಈಗ ನಂಬುವ ಶಕ್ತಿ ಕಡಿಮೆಯಾಗಿದೆ, ನಮ್ಮ ಪರವಾಗಿ ನೀವು ನಂಬಿ ಎಂದು ಕೇಳಿಕೊಳ್ಳಿ. ಮುಂದಿನ ಸಲ ಅಮ್ಮನನ್ನು ಚಿಕಿತ್ಸೆಗೆ ಕರೆದುಕೊಂಡು ಹೋಗುವಾಗ ಯಾರು ಜೊತೆಗೆ ಬರುತ್ತೀರಿ, ರಾತ್ರಿ ಯಾರು ಅವರ ಹತ್ತಿರ ಇರುತ್ತೀರಿ ಎಂದು ಹೆಸರು ಹಿಡಿದು ಕೇಳಿ.